ಹದಿನೇಳನೇ ನಂಬರಿನ ಡೈರಿ

“ಇದು ಒಂದು ಮಗು ಅಲ್ಲ ಕಣೋ. ಎರಡು.”

ಅಕ್ಕ ಇಷ್ಟು ಹೇಳಿ ಕನ್ನಡಕ ತೆಗೆದು, ತೋಳಿಗೆ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿದರು. ಊಟದ ಮೇಜಿನ ಮೇಲೆ ಇಪ್ಪತ್ಮೂರು ಡೈರಿಗಳು ಕಾಲು ಚಾಚಿ ಮಲಗಿದ್ದವು. ಊಟ ಮಾಡುವವರು ಮಾತ್ರ ಎರಡು ದಿನದಿಂದ ಅಡುಗೆಮನೆಯಲ್ಲಿ ತಟ್ಟೆ ಹಿಡಿದು ನಿಂತೇ ಉಣ್ಣುತ್ತಿದ್ದರು.

ಅವರ ತಮ್ಮ, ಇನ್ಸ್‌ಪೆಕ್ಟರು, ಎದುರಿನ ಕುರ್ಚಿಯಲ್ಲಿ ಗಲ್ಲಕ್ಕೆ ಕೈ ಕೊಟ್ಟುಕೊಂಡು ಅರೆನಿದ್ದೆಯಲ್ಲಿದ್ದರು. ಹೆಸರಿಗಷ್ಟೇ ಇನ್ಸ್‌ಪೆಕ್ಟರು. ಔಷಧ ನಿಯಂತ್ರಣ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಮೆಡಿಕಲ್ ಶಾಪುಗಳ ಮೆಟ್ಟಿಲು ಹತ್ತಿ ಇಳಿದು, ಮಂಡಿ ಸವೆಸಿಕೊಂಡು ನಿವೃತ್ತರಾದವರು. ಕೆಲಸ ಹೋಯಿತು, ಅಡ್ಡಹೆಸರು ಉಳಿಯಿತು. ಈಗ ಔಷಧ ಕಂಪನಿಗಳು ಏನಾದರೂ ಕಳೆದುಕೊಂಡಾಗ ಇವರಿಗೆ ಫೋನ್ ಮಾಡುತ್ತವೆ.

ಈ ಸಲ ಕಳೆದದ್ದು ಒಂದು ಬಾಟಲಿ. ಕಳೆದದ್ದು ಅನ್ನುವುದಕ್ಕಿಂತ, ಸಿಗಬಾರದ ಕಡೆ ಸಿಕ್ಕಿದ್ದು.

ಯಾವ ಮಾತ್ರೆಗೂ ಬಗ್ಗದ ಫಿಟ್ಸಿಗೆ ಒಂದು ಸಿರಪ್ಪು. ಇನ್ನೂ ಅಂಗಡಿಗೆ ಬಂದಿಲ್ಲ, ಸರ್ಕಾರದ ಒಪ್ಪಿಗೆಗೆ ಕಾಯುತ್ತಿದೆ. ಅಲ್ಲಿಯವರೆಗೆ, ಬೇರೆ ದಾರಿಯೇ ಇಲ್ಲದ ಇಪ್ಪತ್ಮೂರು ಮಕ್ಕಳಿಗೆ ಕಂಪನಿ ಅದನ್ನು ಪುಕ್ಕಟೆ ಕೊಡುತ್ತದೆ. ಖಾಲಿ ಬಾಟಲಿ ವಾಪಸ್ಸು ಬಂದರೆ ಮಾತ್ರ ತುಂಬಿದ್ದು ಹೋಗುತ್ತದೆ. ಜೊತೆಗೆ ಮನೆಯವರು ದಿನಾ ಡೈರಿ ಬರೆಯಬೇಕು. ಫಿಟ್ಸ್ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಇತ್ತು, ಹೇಗಿತ್ತು. ಡೈರಿ ಮೇಲೆ ಮಗುವಿನ ಹೆಸರು ಇರುವುದಿಲ್ಲ, ನಂಬರು ಮಾತ್ರ.

ಎಂಟು ದಿನದ ಹಿಂದೆ, ಜ್ವರ ಬಂದು ಆಸ್ಪತ್ರೆ ಸೇರಿದ್ದ ಒಬ್ಬ ಹುಡುಗಿಯ ಚೀಲದಲ್ಲಿ ಹದಿನೇಳನೇ ನಂಬರಿನ ಬಾಟಲಿ ಸಿಕ್ಕಿತ್ತು. ಲೇಬಲ್ಲಿನ ಮೇಲೆ ‘ಗಂಡು, ಒಂಬತ್ತು ವರ್ಷ’ ಎಂದಿತ್ತು. ಡಾಕ್ಟರು ನೇರವಾಗಿ ಕಂಪನಿಯ ಹೆಡ್ ಆಫೀಸಿಗೇ ಫೋನ್ ಹಚ್ಚಿದರು. ಎರಡು ದಿನ ಬಿಟ್ಟು ಅಲ್ಲಿಂದ ಜನ ಬರುವಷ್ಟರಲ್ಲಿ ಹುಡುಗಿಯನ್ನು ಕರೆತಂದವರು ಸುಳ್ಳು ವಿಳಾಸ ಬರೆಸಿ ಜಾಗ ಖಾಲಿ ಮಾಡಿದ್ದರು. ಬಾಟಲಿ ಹೇಗೆ ಕೈ ಬದಲಾಯಿಸಿತು ಎಂದು ಶುಕ್ರವಾರದೊಳಗೆ ಗೊತ್ತಾಗದಿದ್ದರೆ ಇಪ್ಪತ್ಮೂರು ಮಕ್ಕಳಿಗೂ ಸಿರಪ್ಪು ಬಂದ್ ಎಂದು ಹೆಡ್ ಆಫೀಸು ಕಡ್ಡಿ ಮುರಿದಂತೆ ಹೇಳಿತ್ತು.

ಇವತ್ತು ಬುಧವಾರ.

“ಎರಡು ಅಂದ್ರೆ?” ಎಂದರು ಇನ್ಸ್‌ಪೆಕ್ಟರು, ಒಂದು ಕಣ್ಣು ಮಾತ್ರ ತೆರೆದು.

“ಇನ್ನೊಂದು ಕಣ್ಣೂ ಬಿಡು, ಹೇಳ್ತೀನಿ.”

ಅಕ್ಕ ಮೂವತ್ತು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದವರು. ಫಿಟ್ಸಿಗೂ ಒಂದು ಮುಖ ಇರುತ್ತದೆ ಎಂಬುದು ಅವರ ವಾದ. ಒಂದೊಂದು ಮಗುವಿಗೆ ಒಂದೊಂದು ಥರ ಶುರುವಾಗುತ್ತದೆ. ಹೆಚ್ಚಬಹುದು, ಇಳಿಯಬಹುದು. ರಾತ್ರಿ ಮಲಗಿ ಬೆಳಿಗ್ಗೆ ಏಳುವುದರೊಳಗೆ ಮುಖವೇ ಬದಲಾಗುವುದನ್ನು ತಮ್ಮ ಸರ್ವೀಸಿನಲ್ಲಿ ಅವರು ಕಂಡಿರಲಿಲ್ಲ.

ಹದಿನೇಳನೇ ಡೈರಿಯಲ್ಲಿ ಏಳು ತಿಂಗಳು ಒಂದೇ ಮಾತಿತ್ತು. ‘ಎಡಗಡೆ ಬಾಯಿ ಸೊಟ್ಟ ಆಯ್ತು, ಎಡಗೈ ಎಳೀತು, ನಲವತ್ತು ಎಣಿಸೋವರೆಗೆ.’ ಬರೆದವಳು ಗಡಿಯಾರ ನೋಡುವವಳಲ್ಲ, ಎಣಿಸುವವಳು. ಆಮೇಲೆ ಇದ್ದಕ್ಕಿದ್ದಂತೆ ಬೇರೆ ಮಾತು. ‘ಸುಮ್ಮನೆ ದಿಟ್ಟಿಸಿದ್ದು, ಕೈಲಿದ್ದದ್ದು ಬಿತ್ತು, ಕುತ್ತಿಗೆ ಬಲಕ್ಕೆ ತಿರುಗಿತು, ಹದಿನೆಂಟು ಎಣಿಸೋವರೆಗೆ.’ ಹನ್ನೊಂದು ವಾರದಿಂದ ಅದೇ.

ಯಾರೋ ಕೂತು ಹೊಸೆದಿರಬಹುದು ಎಂದರು ಇನ್ಸ್‌ಪೆಕ್ಟರು.

“ಹೊಸೆಯೋರು ಇಷ್ಟು ಕಷ್ಟ ಪಡಲ್ಲ. ಹಳೇ ಪುಟ ಎದುರಿಗಿಟ್ಕೊಂಡು ಕಾಪಿ ಹೊಡೀತಾರೆ, ನೀನು ಸ್ಕೂಲಲ್ಲಿ ಹೊಡೀತಿದ್ಯಲ್ಲ ಹಾಗೆ. ಇದು ಮಗು ಎದುರಿಗೆ ಕೂತು ಬರ್ದಿರೋದು. ನೋಡು, ಇಲ್ಲಿ ಪೆನ್ನು ಜಾರಿದೆ. ಒಂದು ಕೈಲಿ ಮಗು ಹಿಡ್ಕೊಂಡಿದ್ದಾಳೆ.”

ಎರಡು ಬಗೆಯ ಬರಹದ ನಡುವೆ ಒಂದೇ ಒಂದು ಸಾಲು ಮಾತ್ರ ಬೇರೆ ಕೈಯದು. ‘14:20. ಎಡ ಮುಖ. ಅವಧಿ 40 ಸೆ.’ ತೆಳು ಕಪ್ಪು ಪೆನ್ನು, ಸ್ಕೇಲಿಟ್ಟು ನಿಲ್ಲಿಸಿದಂಥ ಅಂಕಿಗಳು. ಅಮ್ಮ ಅಂಗಡಿಗೆ ಹೋಗಿದ್ದಾಗ ಪಕ್ಕದ ಮನೆಯವರು ಬರೆದಿರಬೇಕು ಎಂದರು ಅಕ್ಕ. ಇರಬಹುದು ಎಂದರು ಇನ್ಸ್‌ಪೆಕ್ಟರು. ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಎಡವಿದ್ದು ಅಲ್ಲೇ.

ಅವರ ಕಣ್ಣು ಪುಟದ ಅಂಚಿನ ಮೇಲಿತ್ತು. ಅಲ್ಲಿ ನೀಲಿ ಸೀಮೆಸುಣ್ಣದ ಬೆರಳಚ್ಚು. ಒಂದು ಪುಟದ ಮೂಲೆಯಲ್ಲಿ ಅವಸರದಲ್ಲಿ ಗೀಚಿದ ಲೆಕ್ಕ: ಎದೆ 36, ಸೊಂಟ 32, ಉದ್ದ 40. ಹೊಲಿಗೆಯ ಸಂದಿಯಲ್ಲಿ ಒಂದೆಳೆ ಕೆಂಪು ದಾರ.

“ಟೈಲರ್,” ಎಂದರು ಇಬ್ಬರೂ.

ಸಿನಿಮಾದ ಪತ್ತೇದಾರನಾಗಿದ್ದರೆ ಇಷ್ಟು ಹೊತ್ತಿಗೆ ಕೋಟಿನ ಕಾಲರು ಎತ್ತಿಕೊಂಡು ಎದ್ದುಬಿಡುತ್ತಿದ್ದ, ಹಿಂದೆ ಡ್ರಮ್ಮು ಬಾರಿಸುತ್ತಿತ್ತು. ಇನ್ಸ್‌ಪೆಕ್ಟರು ಮೊದಲು ಮಂಡಿ ಹಿಡಿದುಕೊಂಡರು, ಆಮೇಲೆ ಮೇಜು ಹಿಡಿದುಕೊಂಡರು, ಆಮೇಲೆ ಎದ್ದರು. ಹಿಂದೆ ಬಾರಿಸಿದ್ದು ಕುಕ್ಕರ್ ಸೀಟಿ.

ಡೈರಿಗಳನ್ನೆಲ್ಲ ಎರಡು ಚೀಲಕ್ಕೆ ತುಂಬಿಕೊಂಡು ಹೊರಟರು. ಮನೆಯಲ್ಲಿ ಬಿಟ್ಟು ಹೋಗು ಎಂದು ಅಕ್ಕ ಅಂದರೂ ಕೇಳಲಿಲ್ಲ. ಇಲಾಖೆಯ ಚಾಳಿ. ಸಾಕ್ಷಿ ಕಣ್ಣೆದುರು ಇರಬೇಕು, ಬೆನ್ನು ಬಿದ್ದುಹೋದರೂ ಚಿಂತೆಯಿಲ್ಲ.

*

ವಿಳಾಸ ಕೊಡಬೇಕಾದವನು ಕಂಪನಿಯ ರೋಗಿಗಳ ಸಂಪರ್ಕಾಧಿಕಾರಿ. ಹೆಡ್ ಆಫೀಸು ಹುಡುಕಿಸಿ ಅಂದಾಗ ಇನ್ಸ್‌ಪೆಕ್ಟರನ್ನು ಆರಿಸಿ ಫೋನ್ ಮಾಡಿದವನೂ ಅವನೇ. ಬೈದರೂ ನಗುತ್ತಿದ್ದ, ಬೈಸಿಕೊಂಡರೂ ನಗುತ್ತಿದ್ದ. ಅದಕ್ಕೇ ಅಕ್ಕ ಅವನಿಗೆ ನಗುಮುಖ ಎಂದು ಹೆಸರಿಟ್ಟಿದ್ದರು. ಮೊದಲ ದಿನವೇ ಅವನು ನಯವಾಗಿ ಹೇಳಿದ್ದ: ಮನೆ ವಿಳಾಸ ಗುಟ್ಟು, ನನ್ನ ಹತ್ತಿರ ಮಾತ್ರ ಇರುತ್ತದೆ, ಕೊಡುವಂತಿಲ್ಲ. ಡೈರಿ ಹೆಡ್ ಆಫೀಸಿನವರು ಕೊಡಿ ಅಂದರು ಅಂತ ಕೊಟ್ಟಿದ್ದೇನೆ, ಅದನ್ನೆಲ್ಲ ಓದಿ ಕಣ್ಣು ಹಾಳು ಮಾಡಿಕೊಳ್ಳಬೇಡಿ ಸರ್, ಗೋಡೌನಿನವರು ಒಂದು ಬಾಟಲಿ ಕದ್ದರು ಅಂತ ಅರ್ಧ ಪುಟ ಬರೆದುಕೊಟ್ಟರೆ ಎಲ್ಲರೂ ಆರಾಮ.

ದಿನಾ ಬೆಳಿಗ್ಗೆ ಫೋನ್ ಮಾಡಿ ಅದೇ ಅರ್ಧ ಪುಟ ಕೇಳುತ್ತಿದ್ದ. ಆ ಅರ್ಧ ಪುಟ ಇನ್ಸ್‌ಪೆಕ್ಟರಿಗೂ ಆಸೆ ಹುಟ್ಟಿಸುತ್ತಿತ್ತು ಎಂಬುದು ಬೇರೆ ಮಾತು. ಬರೆದು ಬಿಸಾಕಿ, ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಬಹುದಿತ್ತು.

ಹಾಗಾಗಿ ಅವರು ಹೋದದ್ದು ಟೀಚರಮ್ಮನ ಹತ್ತಿರ.

ಝೆರಾಕ್ಸ್ ಅಂಗಡಿಯ ಮೇಲೆ ಒಂದೇ ಕೋಣೆ. ಬಾಗಿಲ ಮೇಲೆ ರೋಗಿಗಳ ಸಂಘದ ಬೋರ್ಡು. ಒಳಗೆ ಒಂದು ಟೇಬಲ್ಲು, ಗೋಡೆಗೆ ಒರಗಿಸಿದ ಹಳೇ ಫಲಕಗಳು. ‘ನಮ್ಮ ಮಕ್ಕಳು ಕಾಯುವ ಹಾಗಿಲ್ಲ’ ಎಂದು ಒಂದರ ಮೇಲೆ ದಪ್ಪ ಅಕ್ಷರ. ಟೀಚರಮ್ಮ ಗಣಿತ ಕಲಿಸುತ್ತಿದ್ದವರು. ಈ ಸಿರಪ್ಪನ್ನು ಮಕ್ಕಳಿಗೆ ಕೊಡಿ ಎಂದು ಕಂಪನಿ ಗೇಟಿನ ಮುಂದೆ ಎರಡು ವರ್ಷ ನಿಂತವರು. ಮೊದಲ ಬಾಟಲಿ ಬರುವ ನಾಲ್ಕು ತಿಂಗಳು ಮುಂಚೆ ಅವರ ಮಗ ತೀರಿಹೋದ. ಬಾಟಲಿ ಬಂದ ದಿನವೂ ಅವರು ಗೇಟಿಗೆ ಹೋಗಿದ್ದರಂತೆ, ಬೇರೆಯವರ ಮಕ್ಕಳಿಗೆ ಸರಿಯಾಗಿ ಸಿಕ್ಕಿತೋ ಇಲ್ಲವೋ ನೋಡಲು.

ಟೈಲರಿಂಗ್ ಮಾಡುವ ತಾಯಿ ಯಾರಾದರೂ ಇದ್ದಾರಾ ಎಂದು ಇನ್ಸ್‌ಪೆಕ್ಟರು ಕೇಳಿದಾಗ ಟೀಚರಮ್ಮ ಎದ್ದು ಫಲಕಗಳನ್ನು ಸರಿಯಾಗಿ ನಿಲ್ಲಿಸತೊಡಗಿದರು.

“ನಾಕ್ ದಿನದಿಂದ ಬರ್ತಿದೀರ ಇನ್ಸ್‌ಪೆಕ್ಟ್ರೇ. ಕಳ್ಳ ಯಾರು ಕಳ್ಳ ಯಾರು ಅಂತೀರ. ಮಕ್ಳು ಹೇಗಿದಾರೆ ಅಂತ ಒಂದಿನ ಕೇಳಿದ್ರಾ?”

ಇನ್ಸ್‌ಪೆಕ್ಟರು ಕುರ್ಚಿ ಎಳೆದುಕೊಂಡು ಕೂತರು. ಚೀಲ ಕೆಳಗಿಟ್ಟರು. ಕೇಳಿಲ್ಲ ಎಂದು ಒಪ್ಪಿಕೊಂಡರು. ಆಮೇಲೆ ಹದಿನೇಳನೇ ಡೈರಿ ತೆಗೆದು ಎರಡು ಪುಟ ತೋರಿಸಿ, ಇದು ಎರಡು ಮಕ್ಕಳಂತೆ, ನಮ್ಮಕ್ಕ ಹೇಳಿದ್ಲು, ಒಂದು ಮಗು ಎಲ್ಲಿ ಹೋಯ್ತು ಅಂತ ಕೇಳೋಕೆ ಬಂದೆ ಎಂದರು.

ಟೀಚರಮ್ಮ ಬಹಳ ಹೊತ್ತು ಓದಿದರು. ಪ್ರತಿ ತಿಂಗಳು ಮೀಟಿಂಗಿಗೆ ಬರುತ್ತಿದ್ದ ಟೈಲರಮ್ಮ ಮೂರು ತಿಂಗಳಿಂದ ಬಂದಿರಲಿಲ್ಲ. ಆರ್ಡರ್ ಜಾಸ್ತಿ, ಪುರುಸೊತ್ತಿಲ್ಲ ಎಂದು ಫೋನಿನಲ್ಲಿ ಹೇಳಿದ್ದಳಂತೆ. ನಂಬಿಬಿಟ್ಟೆ ಎಂದು ಟೀಚರಮ್ಮ ತಮಗೆ ತಾವೇ ಹೇಳಿಕೊಂಡರು.

ಝೆರಾಕ್ಸ್ ಚೀಟಿಯ ಹಿಂದೆ ಬೀದಿಯ ಗುರುತು ಬರೆದುಕೊಟ್ಟರು. ಪೊಲೀಸರ ಥರ ಹೋಗಬೇಡಿ, ಗಿರಾಕಿ ಥರ ಹೋಗಿ ಎಂದರು. ಇನ್ಸ್‌ಪೆಕ್ಟರ ಕೋಟಿನ ಜೇಬನ್ನು ನೋಡಿ, ವೇಷ ಹಾಕುವ ಅಗತ್ಯವೇನೂ ಇಲ್ಲ ಎಂದೂ ಸೇರಿಸಿದರು. ಜೇಬು ಕಿತ್ತು ಎರಡು ವರ್ಷವಾಗಿತ್ತು.

*

ಅಂಗಡಿ ಚಿಕ್ಕದು. ಎರಡು ಹೊಲಿಗೆ ಮಿಷನ್ನು, ಅದರಲ್ಲೊಂದಕ್ಕೆ ಬಟ್ಟೆ ಮುಚ್ಚಿತ್ತು. ಅಡ್ಡಗಂಬಿಗೆ ಅರ್ಧ ಹೊಲಿದ ಅಂಗಿಗಳು. ಮೂರೂಕಾಲು ಗಂಟೆಯ ಬಿಸಿಲು ಶಟರಿನ ಕೆಳಗಿಂದ ನುಗ್ಗಿ ನೆಲದ ಚಿಂದಿಗಳ ಮೇಲೆ ಬಿದ್ದಿತ್ತು.

ಮೂಲೆಯಲ್ಲಿ ಏಳು ವರ್ಷದ ಒಬ್ಬ ಹುಡುಗಿ ಗಿಡ್ಡ ಸ್ಟೂಲಿನ ಮೇಲೆ ಕೂತು, ಡಬ್ಬಿಯಲ್ಲಿದ್ದ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು. ಸ್ಟೂಲಿನ ಸುತ್ತ ಮಡಚಿದ ಕಂಬಳಿಗಳು. ಹತ್ತಿರದ ಮಿಷನ್ನಿನ ಕಬ್ಬಿಣದ ಅಂಚಿಗೆ ದಪ್ಪ ಸ್ಪಂಜು ಸುತ್ತಿ ದಾರದಲ್ಲಿ ಬಿಗಿದಿತ್ತು.

ಇನ್ಸ್‌ಪೆಕ್ಟರು ಆ ಸ್ಪಂಜನ್ನು ನೋಡಿದರು. ಜೇಬು ತೋರಿಸಿದರು.

“ಈ ಜೇಬಿಗೆ ಕೋಟೇ ಬೇರೆ ಹೊಲಿಸ್ಬೇಕು ಸರ್,” ಎಂದಳು ಟೈಲರಮ್ಮ. ಮೂವತ್ತೆಂಟರ ಆಸುಪಾಸು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು, ಬೆರಳಿಗೆ ನೀಲಿ ಸುಣ್ಣ.

ಹುಡುಗಿ ಯಾರೆಂದು ಕೇಳಿದರು. ಪಕ್ಕದ ಮನೆಯದು, ಅವರಮ್ಮ ಡ್ಯೂಟಿಗೆ ಹೋಗುತ್ತಾಳೆ, ಸಂಜೆವರೆಗೆ ಇಲ್ಲೇ ಇರುತ್ತಾಳೆ ಎಂದಳು. ನಿಮಗೆ ಮಕ್ಕಳೆಷ್ಟು ಎಂದರು. ಒಬ್ಬ ಮಗ, ಸ್ಕೂಲಿಗೆ ಹೋಗಿದ್ದಾನೆ ಎಂದಳು. ಸರಾಗವಾಗಿಯೇ ಹೇಳಿದಳು. ಸೂಜಿಗೆ ದಾರ ಪೋಣಿಸುವುದು ಮಾತ್ರ ಎರಡು ಸಲ ತಪ್ಪಿತು.

“ತಾತ, ಇದು ನೀಲೀನಾ ಹಸ್ರಾ?” ಹುಡುಗಿ ಒಂದು ಗುಂಡಿ ಎತ್ತಿ ತೋರಿಸಿದಳು.

ಅವರು ಹತ್ತಿರ ಬಾಗಿದರು. ಎರಡೂ ಅಲ್ಲ, ನಿನಗೆ ಯಾವುದು ಬೇಕೋ ಅದು ಎಂದು ಹೇಳುವಷ್ಟರಲ್ಲಿ ಗುಂಡಿ ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಹುಡುಗಿ ಅವರನ್ನೇ ನೋಡುತ್ತಿದ್ದಳು, ಆದರೆ ನೋಡುತ್ತಿರಲಿಲ್ಲ. ಕುತ್ತಿಗೆ ಮೆಲ್ಲಗೆ ಬಲಕ್ಕೆ ತಿರುಗಿತು.

ಟೈಲರಮ್ಮ ಯಾವಾಗ ಎದ್ದಳೋ ಗೊತ್ತಾಗಲಿಲ್ಲ. ಮಗುವಿನ ತಲೆ ಅವಳ ತೋಳಿನ ಮೇಲಿತ್ತು. ತುಟಿ ಎಣಿಸುತ್ತಿತ್ತು. ಇನ್ಸ್‌ಪೆಕ್ಟರಿಗೂ ತಾವು ಎಣಿಸುತ್ತಿರುವುದು ಹತ್ತಕ್ಕೆ ಬಂದಾಗಲೇ ಅರಿವಾಯಿತು. ಇಪ್ಪತ್ತೆರಡಕ್ಕೆ ಹುಡುಗಿ ಕಣ್ಣು ಮಿಟುಕಿಸಿದಳು. ಗುಂಡಿ ಎಲ್ಲಿ ಎಂದು ಕೇಳಿದಳು.

ಟೈಲರಮ್ಮ ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಮಿಷನ್ನಿನ ಡ್ರಾ ಎಳೆದು ಹೊಸ ನೋಟ್‌ಬುಕ್ ತೆಗೆದು ಬರೆದಳು. ಬರೆದ ಮೇಲೆ ಅವಳಿಗೆ ನೆನಪಾಯಿತು, ಎದುರಿಗೆ ಗಿರಾಕಿ ಇದ್ದಾನೆ ಎಂದು.

ಇನ್ಸ್‌ಪೆಕ್ಟರು ಚೀಲದಿಂದ ಹದಿನೇಳನೇ ಡೈರಿ ತೆಗೆದು ಕತ್ತರಿಯ ಪಕ್ಕ ಇಟ್ಟರು.

“ಎಡಗಡೆ ಬಾಯಿ ಸೊಟ್ಟ ಆಗ್ತಿದ್ದೋನು ಎಲ್ಲಮ್ಮ?”

ಅವಳು ಡೈರಿ ನೋಡಿದಳು. ಇವರನ್ನು ನೋಡಿದಳು. ಹುಡುಗಿಗೆ ಗುಂಡಿ ಹುಡುಕಿಕೊಟ್ಟು, ತಲೆ ಸವರಿ, ವಾಪಸ್ಸು ಬಂದು ಕೂತಳು.

“ಇಲ್ಲ ಸರ್. ಹನ್ನೊಂದು ವಾರ ಆಯ್ತು. ಬೆಳಗ್ಗೆ ಎಬ್ಬಿಸೋಕೆ ಹೋದೆ, ಏಳ್ಲಿಲ್ಲ.”

ಹೊರಗೆ ಯಾರೋ ಸೈಕಲ್ಲಿನ ಬೆಲ್ಲು ಹೊಡೆದು ಹೋದರು. ಇನ್ಸ್‌ಪೆಕ್ಟರಿಗೆ ಇಪ್ಪತ್ತಾರು ವರ್ಷ ತಪ್ಪು ಹಿಡಿದಾಗಲೆಲ್ಲ ಒಂದು ಸಣ್ಣ ಖುಷಿ ಆಗುತ್ತಿತ್ತು, ಬೆರಳ ತುದಿಗೆ ಬೆಚ್ಚಗೆ. ಇವತ್ತು ಅದು ಬರಲೇ ಇಲ್ಲ. ಬದಲಿಗೆ ಎಲ್ಲಾದರೂ ಹೋಗಿ ಮಲಗಬೇಕೆನಿಸಿತು.

ಬಾಟಲಿ ಈ ಹುಡುಗಿಗೆ ಹೇಗೆ ಬಂತು ಎಂದು ಕೇಳಲೇಬೇಕಿತ್ತು, ಕೇಳಿದರು. ಅವಳು ಹೇಳುತ್ತಾ ಹೋದಳು. ಹುಡುಗಿಗೆ ದಿನಕ್ಕೆ ಹದಿನೈದು ಸಲ ಬರುತ್ತಿತ್ತು. ಪಟ್ಟಿಗೆ ಸೇರಿಸಿ ಎಂದು ಅವಳಮ್ಮ ಎರಡು ಸಲ ಅರ್ಜಿ ಹಾಕಿದ್ದಳು, ಇಪ್ಪತ್ಮೂರು ಭರ್ತಿಯಾಗಿದೆ ಎಂದು ಉತ್ತರ ಬಂದಿತ್ತು. ಮಗ ಹೋದ ಮೂರನೇ ದಿನ ಹೊಸ ಬಾಟಲಿ ಬಂತು. ಸೀಲೂ ಒಡೆಯದ ಬಾಟಲಿ. ಪಕ್ಕದ ಗೋಡೆಯಾಚೆ ಮಗು ಬೀಳುವ ಸದ್ದು ಕೇಳುತ್ತಿತ್ತು.

“ನನ್ ಮಗ ಮೂವತ್ತು ಕೇಜಿ, ಅವನಿಗೆ ಐದು ಎಂ.ಎಲ್. ಇವಳು ಹದಿನೆಂಟು ಕೇಜಿ. ಅಂದ್ರೆ ಮೂರು. ಬಟ್ಟೆ ಲೆಕ್ಕ ಸರ್, ಅದೇನು ನಂಗೆ ಕಷ್ಟ ಅಲ್ಲ. ಈಗ ದಿನಕ್ಕೆ ಎರಡು ಸಲ ಬರತ್ತೆ. ಒಂದೊಂದಿನ ಬರೋದೇ ಇಲ್ಲ.”

ಆಸ್ಪತ್ರೆಯಲ್ಲಿ ಬಾಟಲಿ ಕಿತ್ತಿಟ್ಟುಕೊಂಡರು, ಎರಡು ದಿನ ಕೊಡಲಾಗಲಿಲ್ಲ, ಗಂಟೆಗೊಂದು ಸಲ ಬಂತು, ಒಂದು ಸಲವಂತೂ ಏಳುನೂರು ಎಣಿಸಿದರೂ ನಿಲ್ಲಲಿಲ್ಲ ಎಂದಳು. ಕೊಡುವುದನ್ನು ದಿಢೀರನೆ ನಿಲ್ಲಿಸಬಾರದಂಥ ಔಷಧ ಇದು. ಅದು ಇನ್ಸ್‌ಪೆಕ್ಟರಿಗೂ ಗೊತ್ತಿತ್ತು. ಮನೆಗೆ ಬಂದ ಮೇಲೆ ಖಾಲಿ ಬಾಟಲಿ ವಾಪಸ್ಸು ಕಳಿಸುವ ಮುಂಚೆ ಬೇರೆ ಸೀಸೆಗೆ ಬಗ್ಗಿಸಿ ಉಳಿಸಿಟ್ಟದ್ದನ್ನು ಕೊಟ್ಟು ಹುಡುಗಿಯನ್ನು ಹದಕ್ಕೆ ತಂದಿದ್ದಳು.

“ಡೈರೀಲಿ ಮಗನ ಹಳೇದನ್ನೇ ಬರ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾಕ್ ಬರೀಲಿಲ್ಲ?”

“ಸುಳ್ಳು ಫಿಟ್ಸ್ ಬರಿಯೋಕೆ ಕೈ ಬರ್ಲಿಲ್ಲ ಸರ್. ಇವಳದ್ದು ನಿಜವಾಗ್ಲೂ ಬರ್ತಿತ್ತು. ಇದನ್ನ ನೋಡೇ ಅಲ್ವಾ ಅವ್ರು ಔಷಧಿ ಹೆಂಗೆ ಕೆಲ್ಸ ಮಾಡತ್ತೆ ಅಂತ ತಿಳ್ಕೊಳ್ಳೋದು? ನಾಳೆ ಇನ್ನೊಂದ್ ಮಗೂಗೆ ಬೇಕಾಗತ್ತೆ.”

ಸುಳ್ಳು ಹೇಳಲು ಕೂತವಳು ಒಂದೇ ಒಂದು ಅಕ್ಷರವನ್ನೂ ಸುಳ್ಳು ಬರೆದಿರಲಿಲ್ಲ. ಸಿಕ್ಕಿಬಿದ್ದದ್ದು ಅದಕ್ಕೆ. ಇಂಥ ಆರೋಪಿಯನ್ನು ಇನ್ಸ್‌ಪೆಕ್ಟರು ಜೀವಮಾನದಲ್ಲಿ ಕಂಡಿರಲಿಲ್ಲ.

ಅವರು ಹಣೆ ಉಜ್ಜಿಕೊಂಡರು. ಮಾತು ನಿಧಾನಕ್ಕೆ ಆಡಿದರು. ಈ ಸಿರಪ್ಪು ಕುಡಿಯುವ ಮಗು ತೀರಿಕೊಂಡರೆ, ಕಾರಣ ಏನೇ ಇರಲಿ, ಕಂಪನಿ ಆ ದಿನವೇ ಸರ್ಕಾರಕ್ಕೆ ತಿಳಿಸಬೇಕು. ಔಷಧದಿಂದ ಹೋಯಿತೋ ಕಾಯಿಲೆಯಿಂದ ಹೋಯಿತೋ ಎಂದು ಆಮೇಲೆ ನೋಡುತ್ತಾರೆ. ನೀವು ತಿಳಿಸದೆ ಇದ್ದದ್ದು ಸಣ್ಣ ವಿಷಯವಲ್ಲ ಎಂದರು.

ಟೈಲರಮ್ಮ ತಲೆ ಎತ್ತಿದಳು.

“ತಿಳಿಸಿದ್ನಲ್ಲ ಸರ್.”

“ಯಾರಿಗೆ?”

“ಆವತ್ತು ಬೆಳಗ್ಗೇನೇ ಫೋನ್ ಮಾಡ್ದೆ, ಸಂಪರ್ಕಾಧಿಕಾರಿಗೆ. ಮಧ್ಯಾಹ್ನ ಅವ್ರೇ ಬಂದ್ರು. ಇಲ್ಲೇ, ನೀವು ಕೂತಿರೋ ಕಡೆ ಕೂತಿದ್ರು.”

ನಗುಮುಖ ಆ ದಿನ ನಗಲಿಲ್ಲವಂತೆ. ಅವಳ ಕೈ ಹಿಡಿದುಕೊಂಡು ಅತ್ತನಂತೆ ಕೂಡ. ಆಮೇಲೆ ಕಣ್ಣೊರೆಸಿಕೊಂಡು ವಿವರಿಸಿದ. ಈಗ ಸಾವು ಎಂದು ಕಾಗದದ ಮೇಲೆ ಬರೆದರೆ ಉಳಿದ ಇಪ್ಪತ್ತೆರಡು ಮಕ್ಕಳ ಔಷಧ ನಿಲ್ಲುತ್ತದೆ, ವಿಚಾರಣೆ ಮುಗಿಯುವ ತನಕ ವರ್ಷವಾಗಬಹುದು. ಒಪ್ಪಿಗೆ ಬರಲು ಇನ್ನು ನಾಲ್ಕೇ ತಿಂಗಳು. ಅಲ್ಲಿವರೆಗೆ ಬಾಟಲಿ ತಗೊಳ್ಳಿ, ಡೈರಿ ಬರೀತಿರಿ, ಬೇಕಾದವರಿಗೆ ಕೊಡಿ, ನಾನು ಕೇಳಲ್ಲ. ಹೇಗೆ ಬರೆಯಬೇಕೆಂದು ತೋರಿಸಲು ಅವಳ ಡೈರಿ ಎಳೆದುಕೊಂಡು ತಾನೇ ಮೊದಲ ಸಾಲು ಬರೆದುಕೊಟ್ಟ.

ಇನ್ಸ್‌ಪೆಕ್ಟರು ಡೈರಿ ತೆರೆದರು. ‘14:20. ಎಡ ಮುಖ. ಅವಧಿ 40 ಸೆ.’ ಸ್ಕೇಲಿಟ್ಟು ನಿಲ್ಲಿಸಿದಂಥ ಅಂಕಿಗಳು. ಪಕ್ಕದ ಮನೆಯವರಂತೆ, ಪಕ್ಕದ ಮನೆಯವರು. ಬೆಳಿಗ್ಗೆ ಅಕ್ಕ ತಮ್ಮ ಸೇರಿ ತೇಲಿಸಿಬಿಟ್ಟ ಸಾಲು.

ಅರ್ಧ ಪುಟ ಬರೆದುಕೊಡಿ ಎಂದು ದಿನಾ ಬೆಳಿಗ್ಗೆ ಯಾಕೆ ಗೋಗರೆಯುತ್ತಿದ್ದ ಎಂಬುದು ಈಗ ಹೊಳೆಯಿತು. ಹುಡುಕಲು ಕಳಿಸಿದವನಿಗೆ ಹುಡುಕುವುದೇ ಬೇಡವಾಗಿತ್ತು. ಸುಸ್ತಾದ ಮುದುಕನನ್ನು ನೋಡಿ ಆರಿಸಿಕೊಂಡಿದ್ದ. ಆಯ್ಕೆ ಚೆನ್ನಾಗಿಯೇ ಇತ್ತು, ಮುದುಕನಿಗೊಬ್ಬಳು ಅಕ್ಕ ಇದ್ದದ್ದನ್ನು ವಿಚಾರಿಸಿಕೊಂಡಿರಲಿಲ್ಲ ಅಷ್ಟೇ.

“ಇನ್ನೇನಾದ್ರೂ ಅಂದನಾ?”

ಅವಳು ಯೋಚಿಸಿದಳು. “ಹೋಗ್ತಾ ಬಾಗ್ಲಲ್ಲಿ ನಿಂತು ಅಂದ್ರು, ಒಬ್ಳೇ ಅಂತ ಅನ್ಕೋಬೇಡಿ, ಹಿಂಗೆ ಬರೀತಿರೋರಲ್ಲಿ ನೀವೇ ಮೊದಲ್ನೇವ್ರಲ್ಲ ಅಂತ. ಸಮಾಧಾನಕ್ಕೆ ಅಂದಿರ್ಬೇಕು.”

ಇನ್ಸ್‌ಪೆಕ್ಟರು ಮೇಜು ಹಿಡಿದುಕೊಂಡು ಎದ್ದರು.

ಆಮೇಲೆ ಎರಡೂ ಚೀಲ ಬಗ್ಗಿಸಿ ಡೈರಿಗಳನ್ನೆಲ್ಲ ಕತ್ತರಿಸುವ ಮೇಜಿನ ಮೇಲೆ ಸುರಿದರು. ಒಂದೊಂದೇ ತೆರೆದು ಸರಸರ ತಿರುವಿದರು. ಓದುವುದಕ್ಕಲ್ಲ, ಅಕ್ಷರಕ್ಕಾಗಿ. ನಾಲ್ಕನೆಯದರಲ್ಲಿ ಇಲ್ಲ. ಐದನೆಯದರ ಮಧ್ಯದಲ್ಲಿ ತೆಳು ಕಪ್ಪು ಪೆನ್ನು. ‘11:05. ಎರಡೂ ಕೈ. ಅವಧಿ 60 ಸೆ.’ ಅದರ ಮುಂದಿನ ಪುಟಗಳು ಬಹಳ ಅಚ್ಚುಕಟ್ಟು. ಹಿಂದಿನ ತಿಂಗಳ ಪುಟ ತೆಗೆದು ಪಕ್ಕದಲ್ಲಿಟ್ಟರು. ಸಾಲಿಗೆ ಸಾಲು ಅದೇ. ತಾರೀಕು ಬಿಟ್ಟು ಬೇರೇನೂ ಬದಲಾಗಿರಲಿಲ್ಲ. ಈ ಮನೆಯವರು ಯಾವ ಮಗುವನ್ನೂ ನೋಡಿ ಬರೆದಿರಲಿಲ್ಲ.

ಹನ್ನೊಂದನೆಯದರಲ್ಲಿ ಇನ್ನೊಂದು ಸಾಲು. ಅದರ ಮುಂದೆ ಕಾಪಿ.

ಇಪ್ಪತ್ತನೆಯದರಲ್ಲಿ ಇನ್ನೊಂದು.

ಉಳಿದವುಗಳಲ್ಲಿ ಸಿಗಲಿಲ್ಲ. ಎರಡು ಸಲ ತಿರುವಿ ನೋಡಿದರು. ಐದು, ಹನ್ನೊಂದು, ಇಪ್ಪತ್ತು. ಬೇರೆ ಬೇರೆ ಮನೆಯವು, ಬೇರೆ ಬೇರೆ ಅಮ್ಮಂದಿರ ಕೈಬರಹ. ಇದರ ಜೊತೆ ಹದಿನೇಳು.

“ಎಷ್ಟು ಸರ್?” ಟೈಲರಮ್ಮ ಕೇಳಿದಳು. ಅವಳು ಅವರ ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಲೆಕ್ಕ ಅವಳಿಗೂ ಬರುತ್ತಿತ್ತು.

“ನಾಲ್ಕು.”

“ಇಪ್ಪತ್ಮೂರರಲ್ಲಾ?”

ಅವರು ತಲೆಯಾಡಿಸಿದರು.

“ಹಾಗಾದ್ರೆ ನನ್ ಮಗ ಹೋಗಿದ್ದು…” ಅವಳು ಅಲ್ಲಿಗೇ ನಿಲ್ಲಿಸಿದಳು. ಕಣ್ಣು ಮೂಲೆಯ ಸ್ಟೂಲಿನ ಕಡೆ ಹೋಯಿತು. ಅಲ್ಲಿ ಕೆಂಪು ಗುಂಡಿಗಳು ಒಂದು ಕಡೆ, ಬಿಳಿಯವು ಒಂದು ಕಡೆ, ಯಾವ ಬಣ್ಣಕ್ಕೂ ಸೇರದ್ದು ಹುಡುಗಿಯ ಮಡಿಲಲ್ಲಿ.

ಇನ್ಸ್‌ಪೆಕ್ಟರು ಅಕ್ಕನಿಗೆ ಫೋನ್ ಮಾಡಿದರು. ಮೂರೇ ಮಾತಿನಲ್ಲಿ ವಿಷಯ ಹೇಳಿದರು. ಇಂಥ ಕಾಯಿಲೆಯ ಮಕ್ಕಳು ಔಷಧವಿಲ್ಲದೆಯೂ ಒಂದೊಂದು ಸಲ ನಿದ್ದೆಯಲ್ಲಿ ಹೋಗಿಬಿಡುತ್ತಾರೆ ಎಂದರು ಅಕ್ಕ. ಆಮೇಲೆ ಒಂದು ವರ್ಷದೊಳಗೆ ನಾಲ್ಕಾ ಎಂದು ಕೇಳಿದರು. ಹೌದು ಎಂದರು ಇವರು.  

“ನಂಗೊತ್ತಿಲ್ಲ ಕಣೋ,” ಎಂದರು ಅಕ್ಕ. “ಯಾರಾದ್ರೂ ದೊಡ್ಡ ಡಾಕ್ಟ್ರನ್ನ ಹಿಡಿ. ಈಗ್ಲೇ ಹಿಡಿ.”

ಆಸ್ಪತ್ರೆಯಲ್ಲಿ ಬಾಟಲಿ ಕಂಡ ಡಾಕ್ಟರ ನಂಬರು ಇತ್ತು. ಹಚ್ಚಿದರು. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದಾರೆ, ಐದೂವರೆಗೆ ಸಿಗುತ್ತಾರೆ ಎಂದಳು ಎತ್ತಿಕೊಂಡವಳು.

ಅಷ್ಟರಲ್ಲಿ ಟೈಲರಮ್ಮನ ಫೋನು ಮಿಷನ್ನಿನ ಮೇಲೆ ಅಲಾರಂ ಹೊಡೆದುಕೊಳ್ಳತೊಡಗಿತು. ನಾಲ್ಕು ಗಂಟೆ.

ಅವಳ ಕೈ ತಾನಾಗಿಯೇ ನಡೆಯಿತು. ಡ್ರಾ ಎಳೆಯಿತು, ಸೀಸೆ ತೆಗೆಯಿತು, ಸೂಜಿಯಿಲ್ಲದ ಸಿರಿಂಜನ್ನು ಅದ್ದಿ ಎಳೆಯಿತು, ಬೆಳಕಿಗೆ ಹಿಡಿದು ಮೂರರ ಗೆರೆ ನೋಡಿತು. ಅಲ್ಲಿ ನಿಂತುಬಿಟ್ಟಿತು.

“ಕೊಡ್ಲಾ ಸರ್?”

ಇಪ್ಪತ್ತಾರು ವರ್ಷ ಅವರು ಬಾಟಲಿಗಳ ಮೇಲೆ ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಮೊಹರು ಒತ್ತಿದವರು. ಒತ್ತಿದ ಮೇಲೆ ಮುಂದಿನ ಅಂಗಡಿಗೆ ನಡೆದವರು. ಯಾವ ಬಾಟಲಿಯ ಮುಂದೆಯೂ ಒಂದು ಬಾಯಿ ಕಂಡಿರಲಿಲ್ಲ. ಕೊಡದಿದ್ದರೆ ಏನಾಗುತ್ತದೆ ಎಂದು ಆಸ್ಪತ್ರೆಯ ಆ ಎರಡು ದಿನ ಹೇಳಿತ್ತು. ಕೊಟ್ಟರೆ ಏನಾಗುತ್ತದೆ ಎಂದು ಹೇಳಬೇಕಾದ ನಾಲ್ಕು ಡೈರಿಗಳಲ್ಲಿ, ಹೇಳಬೇಕಾದ ದಿನವೇ, ಬೇರೆಯವನ ಅಕ್ಷರವಿತ್ತು.

“ಸರ್, ಹೊತ್ತಾಗತ್ತೆ. ಕೊಡ್ಲಾ, ಬೇಡ್ವಾ?”

ಅಲಾರಂ ಕೇಳಿದ್ದೇ ತಡ, ಹುಡುಗಿ ಗುಂಡಿಗಳನ್ನು ಬದಿಗಿಟ್ಟು, ಕಣ್ಣು ಮುಚ್ಚಿ, ಬಾಯಿ ತೆರೆದುಕೊಂಡು ಕೂತಿದ್ದಳು.